ಡಿಲನ್ ಗಿಟಾರಿಗೆ ಕರೆಂಟು ಕೊಟ್ಟದ್ದಕ್ಕೇ ಜನ ಸಿಟ್ಟಾದರೇ?

ಪ್ರಶ್ನೆ: ಮಗ ಒತ್ತಾಯ ಮಾಡಿ ‘ಎ ಕಂಪ್ಲೀಟ್ ಅನ್‌ನೋನ್’ ಸಿನಿಮಾ ತೋರಿಸಿದ. ಕೊನೆಯಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡುತ್ತಿದ್ದಂತೆ ಜನ ರೊಚ್ಚಿಗೇಳುತ್ತಾರೆ, ಯಾರೋ ‘ಜೂಡಾಸ್’ ಎಂದು ಕೂಗುತ್ತಾರೆ. ಪೀಟ್ ಸೀಗರ್ ಎಂಬ ಹಿರಿಯ ಗಾಯಕ ಕೊಡಲಿ ಹಿಡಿದು ವೈರ್ ಕಡಿಯಲು ಹೊರಟಿದ್ದರಂತೆ ಎಂದು ಮಗ ಹೇಳುತ್ತಾನೆ. ಇದೆಲ್ಲ ನಿಜವೇ? ಗಿಟಾರಿಗೆ ಕರೆಂಟು ಕೊಟ್ಟರೆ ಅಷ್ಟೊಂದು ಸಿಟ್ಟೇ? ನಾನು ಸಿ. ಅಶ್ವತ್ಥರ ಹಾಡು ಕೇಳುತ್ತ ಬೆಳೆದವಳು. ಷರೀಫರ ಪದಗಳಿಗೆ ಆರ್ಕೆಸ್ಟ್ರಾ ಬಂದಾಗ ನಮ್ಮಲ್ಲಿ ಯಾರೂ ಹೀಗೆ ಕೂಗಾಡಿದ್ದು ನೆನಪಿಲ್ಲ. ಇದನ್ನೆಲ್ಲ ಹೊಸದಾಗಿ ಕೇಳುವವಳು ಎಲ್ಲಿಂದ ಶುರು ಮಾಡಲಿ?
ಹುಬ್ಬಳ್ಳಿಯ ಓದುಗರು

ಉತ್ತರ: ‘ಜೂಡಾಸ್’ (ಯೇಸುವಿಗೆ ದ್ರೋಹ ಬಗೆದ ಶಿಷ್ಯನ ಹೆಸರು) ವಿಷಯವನ್ನು ಮೊದಲು ಮುಗಿಸಿಬಿಡೋಣ, ಅದು ಸುಲಭ. ಆ ಕೂಗು ಸಿನಿಮಾದ ಕೊನೆಯಲ್ಲಿ ಬರುವ ನ್ಯೂಪೋರ್ಟ್ ಜಾನಪದ ಉತ್ಸವದ್ದಲ್ಲ. ಅಮೆರಿಕದ್ದೂ ಅಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಫ್ರೀ ಟ್ರೇಡ್ ಹಾಲ್ ಎಂಬ ಸಭಾಂಗಣದಲ್ಲಿ, 1966ರ ಮೇ 17ರ ರಾತ್ರಿ ಕೇಳಿಬಂದದ್ದು. ಅಷ್ಟು ಹೊತ್ತಿಗೆ ನ್ಯೂಪೋರ್ಟ್ ಮುಗಿದು ಹತ್ತು ತಿಂಗಳಾಗುತ್ತ ಬಂದಿತ್ತು. ಸಿನಿಮಾದವರು ಅದನ್ನು ಎತ್ತಿ ತಂದು 1965ರ ಜುಲೈ 25ಕ್ಕೆ ಅಂಟಿಸಿದ್ದಾರೆ. ಸಿನಿಮಾದಲ್ಲಿ ಅಲ್ಲಿ ಕಾಣಿಸುವ ಗಾಯಕ ಜಾನಿ ಕ್ಯಾಶ್ ಕೂಡ ಆ ವರ್ಷ ನ್ಯೂಪೋರ್ಟಿನಲ್ಲಿ ಇರಲಿಲ್ಲ, ಬಂದಿದ್ದು ಹಿಂದಿನ ವರ್ಷ. ಎರಡು ಗಂಟೆ ಚಿಲ್ಲರೆಯ ಸಿನಿಮಾಕ್ಕೆ ಇಂಥ ಕತ್ತರಿ ಕೆಲಸ ಬೇಕಾಗುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೀಗೆ ಅಂಟಿಸಿದ್ದರಿಂದ ಎರಡು ಬೇರೆ ಬೇರೆ ಜಗಳಗಳು ಒಂದೇ ಜಗಳದ ಹಾಗೆ ಕಾಣುತ್ತವೆ. ನಿಮ್ಮ ಪ್ರಶ್ನೆ ಹುಟ್ಟಿದ್ದೂ ಅಲ್ಲಿಂದಲೇ ಅನ್ನಿಸುತ್ತದೆ.

ನ್ಯೂಪೋರ್ಟ್ ಎಂದರೆ ಅಮೆರಿಕದ ರೋಡ್ ಐಲ್ಯಾಂಡ್ ರಾಜ್ಯದ ಕಡಲೂರು. ದೊಡ್ಡ ಸಾಹುಕಾರರ ಬೇಸಿಗೆ ಬಂಗಲೆಗಳಿರುವ ಊರು. 1959ರಲ್ಲಿ ಅಲ್ಲಿ ಜಾನಪದ ಸಂಗೀತದ ಉತ್ಸವ ಶುರುವಾಯಿತು, ಜೋನ್ ಬೇಜ್ ಎಂಬ ಹದಿನೆಂಟರ ಹುಡುಗಿ ಮೊದಲ ವರ್ಷವೇ ಹಾಡಿ ಹೆಸರು ಮಾಡಿದಳು. ನಡುವೆ ಎರಡು ವರ್ಷ ನಿಂತು, 1963ರಲ್ಲಿ ಹೊಸ ರೂಪದಲ್ಲಿ ಮತ್ತೆ ಎದ್ದಿತು. ಆ ಹೊಸ ರೂಪ ಗೊತ್ತಿಲ್ಲದಿದ್ದರೆ ಸಿಟ್ಟಿನ ಕಾರಣ ಅರ್ಥವಾಗುವುದಿಲ್ಲ. ಕಲಾವಿದರೇ ಸೇರಿದ ಒಂದು ಮಂಡಳಿ, ಪೀಟ್ ಸೀಗರ್ ಅದರ ಜೀವಾಳ. ಲಾಭ ಯಾರ ಜೇಬಿಗೂ ಹೋಗಕೂಡದು. ಹಾಡಲು ಬಂದವರಿಗೆಲ್ಲ ದಾರಿಖರ್ಚು, ಊಟ, ವಸತಿ ಬಿಟ್ಟರೆ ಕೈಗೆ 50 ಡಾಲರ್. ರೇಡಿಯೋದಲ್ಲಿ ಮೊಳಗುವ ತಾರೆಯಾಗಲಿ, ಮಿಸಿಸಿಪ್ಪಿಯ ಹಳ್ಳಿಯಿಂದ ಬಂದ ಮುದುಕನಾಗಲಿ, ಅಷ್ಟೇ. ಆ ಮುದುಕನೂ ನನ್ನ ಕಲ್ಪನೆಯಲ್ಲ: 1920ರ ದಶಕದ ಕೊನೆಗೆ ಕೆಲವು ರೆಕಾರ್ಡ್ ಮಾಡಿ ಮರೆತೇಹೋಗಿದ್ದ ಮಿಸಿಸಿಪ್ಪಿ ಜಾನ್ ಹರ್ಟ್ ಅವರನ್ನು 1963ರಲ್ಲಿ ಹುಡುಕಿ ಕರೆತಂದು ಕೂರಿಸಿದ್ದು ಇದೇ ವೇದಿಕೆಯ ಮೇಲೆ.

ಅದೇ ವರ್ಷ ರಾತ್ರಿಯ ಕಾರ್ಯಕ್ರಮ ಮುಗಿಯುವಾಗ ಡಿಲನ್, ಬೇಜ್, ಸೀಗರ್, ಪೀಟರ್–ಪಾಲ್–ಮೇರಿ ಮೂವರು, ದಕ್ಷಿಣದ ಕಪ್ಪು ವಿದ್ಯಾರ್ಥಿಗಳ ಫ್ರೀಡಂ ಸಿಂಗರ್ಸ್ ತಂಡ, ಎಲ್ಲರೂ ಕೈಕೈ ಹಿಡಿದು ‘ವಿ ಶಲ್ ಓವರ್‌ಕಮ್’ ಹಾಡಿದರು. ನಮ್ಮ ಶಾಲೆಗಳಲ್ಲಿ ‘ಹಮ್ ಹೋಂಗೇ ಕಾಮಯಾಬ್’ ಎಂದು ಹಾಡಿಸುತ್ತಾರಲ್ಲ, ಅದರ ಮೂಲ. ಒಂದು ತಿಂಗಳ ನಂತರ, ಆಗಸ್ಟ್ 28ರಂದು, ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸಿನ ಭಾಷಣ ಮಾಡಿದ ವಾಷಿಂಗ್ಟನ್ ಸಭೆಯಲ್ಲೂ ಡಿಲನ್ ಹಾಡಿದ್ದ. ಆಗ ಅವನಿಗೆ 22 ವರ್ಷ. ಕೂಲಿಕಾರರ ಅಂಗಿ, ಮರದ ಗಿಟಾರು, ಕೊರಳಿಗೆ ತಂತಿಯಲ್ಲಿ ಕಟ್ಟಿಕೊಂಡ ಮೌತ್ ಆರ್ಗನ್. ಕಪ್ಪು ಜನರ ಹಕ್ಕಿನ ಚಳವಳಿಯವರ ಕಣ್ಣಿಗೆ ಇವನು ನಮ್ಮ ಹುಡುಗ, ನಮ್ಮ ಕವಿ.

ಇಷ್ಟು ಹೇಳಿದರೆ ಮುಂದಿನದು ದ್ರೋಹದ ಕಥೆಯೇ ಎಂದು ನೀವು ಊಹಿಸಬಹುದು. ಸ್ವಲ್ಪ ತಡೆಯಿರಿ.

ಡಿಲನ್ 1965ರಲ್ಲಿ ಇದ್ದಕ್ಕಿದ್ದಂತೆ ರಾಕ್ ಕಡೆ ತಿರುಗಿದ ಎನ್ನುವುದು ಸರಿಯಲ್ಲ. ಮಿನೆಸೋಟ ರಾಜ್ಯದ ಹಿಬ್ಬಿಂಗ್ ಎಂಬ ಕಬ್ಬಿಣದ ಗಣಿಯೂರಿನಲ್ಲಿ ಹೈಸ್ಕೂಲ್ ಓದುವಾಗಲೇ ಅವನು ಬ್ಯಾಂಡ್ ಕಟ್ಟಿ ಲಿಟಲ್ ರಿಚರ್ಡ್ ಎಂಬ ರಾಕ್ ಗಾಯಕನ ಶೈಲಿಯಲ್ಲಿ ಪಿಯಾನೋ ಕುಟ್ಟುತ್ತಿದ್ದವನು. ಶಾಲೆಯ ವಾರ್ಷಿಕ ಪುಸ್ತಕದಲ್ಲಿ ಅವನ ಗುರಿ ಲಿಟಲ್ ರಿಚರ್ಡ್ ಜೊತೆ ಸೇರುವುದು ಎಂದೇ ಅಚ್ಚಾಗಿದೆ. ಜಾನಪದ ಬಂದದ್ದು ಆಮೇಲೆ. 1961ರ ಜನವರಿಯಲ್ಲಿ ನ್ಯೂಯಾರ್ಕಿಗೆ ಬಂದು, ಹಂಟಿಂಗ್ಟನ್ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದ ಹಿರಿಯ ಜಾನಪದ ಗಾಯಕ ವುಡಿ ಗತ್ರಿಯನ್ನು ಕಂಡು, ಅವರ ದಾರಿಯಲ್ಲೇ ಹಾಡತೊಡಗಿದ. ಆದರೂ 1962ರ ಡಿಸೆಂಬರಿನಲ್ಲಿ ಹೊರಬಂದ ಅವನ ಮೊದಲ ಸಿಂಗಲ್ ‘ಮಿಕ್ಸ್ಡ್-ಅಪ್ ಕನ್‌ಫ್ಯೂಷನ್’ನಲ್ಲಿ ಎಲೆಕ್ಟ್ರಿಕ್ ಗಿಟಾರೂ ಡ್ರಮ್ಸೂ ಇವೆ. ಅದು ಬಂದದ್ದೂ ಹೋದದ್ದೂ ಯಾರಿಗೂ ಗೊತ್ತಾಗಲಿಲ್ಲ. 1965ರ ಮಾರ್ಚಿನಲ್ಲಿ ಬಂದ ಆಲ್ಬಂನ ಒಂದು ಬದಿ ಪೂರ್ತಿ ಬ್ಯಾಂಡ್ ಜೊತೆಗಿನ ಹಾಡುಗಳು. ಜೂನ್‌ನಲ್ಲಿ ಬರ್ಡ್ಸ್ ತಂಡ ಅವನದೇ ‘ಮಿಸ್ಟರ್ ಟ್ಯಾಂಬರೀನ್ ಮ್ಯಾನ್’ ಹಾಡನ್ನು ಹನ್ನೆರಡು ತಂತಿಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಬಾರಿಸಿ ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿಸಿತ್ತು. ಆರು ನಿಮಿಷದ ‘ಲೈಕ್ ಎ ರೋಲಿಂಗ್ ಸ್ಟೋನ್’ ಬಿಡುಗಡೆಯಾದದ್ದು ಜುಲೈ 20ಕ್ಕೆ, ಉತ್ಸವಕ್ಕೆ ಐದೇ ದಿನ ಮೊದಲು. ಅಂದರೆ ಅಂದು ಮೈದಾನದಲ್ಲಿ ಕೂತಿದ್ದ ಹುಡುಗರಿಗೆ ಈ ಸದ್ದು ಆಕಾಶದಿಂದ ಬಿದ್ದದ್ದಲ್ಲ.

ನ್ಯೂಪೋರ್ಟಿಗೂ ಹೊಸದಾಗಿರಲಿಲ್ಲ. ಅದೇ ಉತ್ಸವದಲ್ಲಿ ಶಿಕಾಗೋದ ಪಾಲ್ ಬಟರ್‌ಫೀಲ್ಡ್ ಬ್ಲೂಸ್ ಬ್ಯಾಂಡ್ ಕರೆಂಟಿನ ವಾದ್ಯಗಳನ್ನೇ ಬಾರಿಸಿತು. ಶನಿವಾರ ಅವರನ್ನು ವೇದಿಕೆಗೆ ಪರಿಚಯಿಸಿದವರು ಅಲನ್ ಲೋಮ್ಯಾಕ್ಸ್, ಅಮೆರಿಕದ ಜಾನಪದ ಸಂಗ್ರಹಕಾರರಲ್ಲಿ ಭೀಷ್ಮನಂಥವರು. ಪರಿಚಯವೆಂದರೆ ಚುಚ್ಚುಮಾತು: ಹಿಂದೆಲ್ಲ ರೈತ ಮರದ ನೆರಳಲ್ಲಿ ಕೂತು ಒಂದು ಡಬ್ಬಾ ಗಿಟಾರಿನಲ್ಲಿ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡು) ಹಾಡುತ್ತಿದ್ದ, ಈಗ ಇಷ್ಟೆಲ್ಲ ಸಲಕರಣೆ ಬೇಕು, ಈ ಹುಡುಗರಿಗೆ ಬಾರಿಸಲು ಬರುತ್ತದೋ ನೋಡೋಣ ಎಂಬ ಧಾಟಿ. ಕೆಳಗಿಳಿದ ಲೋಮ್ಯಾಕ್ಸರನ್ನು ಡಿಲನ್‌ನ ಮ್ಯಾನೇಜರ್ ಆಲ್ಬರ್ಟ್ ಗ್ರಾಸ್‌ಮನ್ ಅಡ್ಡಗಟ್ಟಿದ. ಗ್ರಾಸ್‌ಮನ್‌ಗೆ ಬಟರ್‌ಫೀಲ್ಡ್ ತಂಡದ ಮೇಲೂ ಕಣ್ಣಿತ್ತು. ಮಾತಿಗೆ ಮಾತು ಬೆಳೆದು, ದಪ್ಪ ಮೈಯ ಆ ಇಬ್ಬರು ಯಜಮಾನರು ನೆಲದ ಮೇಲೆ ಹೊರಳಾಡಿ ಗುದ್ದಾಡಿಕೊಂಡರು. ಡಿಲನ್ ಇನ್ನೂ ಹಾಡಿರಲೇ ಇಲ್ಲ! ಇನ್ನೊಂದು ತಮಾಷೆ ನೋಡಿ. 1933ರಲ್ಲಿ ಇದೇ ಲೋಮ್ಯಾಕ್ಸ್ ತಂದೆಯ ಜೊತೆ ದಕ್ಷಿಣದ ಜೈಲುಗಳನ್ನು ಸುತ್ತಿ ಕೈದಿಗಳ ಹಾಡು ಸಂಗ್ರಹಿಸಿದ್ದು ಕಾರಿನ ಡಿಕ್ಕಿಯಲ್ಲಿ 315 ಪೌಂಡ್, ಅಂದರೆ ಸುಮಾರು 140 ಕಿಲೋ ತೂಕದ ರೆಕಾರ್ಡಿಂಗ್ ಯಂತ್ರ ಹೇರಿಕೊಂಡು. ಸಲಕರಣೆಯ ಬಗ್ಗೆ ಅವರು ಹಾಗೆ ಮಾತಾಡಬಾರದಿತ್ತು.

ಶನಿವಾರ ರಾತ್ರಿ ಡಿಲನ್ ತೀರ್ಮಾನ ಮಾಡಿದ: ನಾಳೆ ಬ್ಯಾಂಡ್ ಜೊತೆಗೇ ಹಾಡುವುದು. ಬಟರ್‌ಫೀಲ್ಡ್ ತಂಡದಿಂದ ಗಿಟಾರಿಗೆ ಮೈಕ್ ಬ್ಲೂಮ್‌ಫೀಲ್ಡ್, ಬಾಸ್‌ಗೆ ಜೆರೋಮ್ ಆರ್ನಲ್ಡ್, ಡ್ರಮ್ಸ್‌ಗೆ ಸ್ಯಾಮ್ ಲೇ. ಉತ್ಸವಕ್ಕೆ ಬಂದಿದ್ದ ಅಲ್ ಕೂಪರ್ ಆರ್ಗನ್‌ಗೆ, ಬ್ಯಾರಿ ಗೋಲ್ಡ್‌ಬರ್ಗ್ ಪಿಯಾನೋಗೆ. ಒಂದು ಬಂಗಲೆಯಲ್ಲಿ ರಾತ್ರಿಯಿಡೀ ಅಭ್ಯಾಸ ಮಾಡಿದರು. ಒಟ್ಟಿಗೆ ಬಾರಿಸಲು ಗಟ್ಟಿಯಾಗಿ ಬಂದದ್ದು ಮೂರೇ ಹಾಡು.

ಭಾನುವಾರ ರಾತ್ರಿ ಹದಿನೈದು ಸಾವಿರಕ್ಕೂ ಮಿಕ್ಕಿದ ಜನ. ಡಿಲನ್‌ಗಿಂತ ಮುಂಚೆ ಕಸಿನ್ ಎಮ್ಮಿ ಎಂಬ ಹಳೆಯ ಕಾಲದ ಬ್ಯಾಂಜೋ ಗಾಯಕಿ. ಡಿಲನ್ ಬಂದ: ಕಪ್ಪು ಚರ್ಮದ ಜಾಕೆಟ್, ಕೈಯಲ್ಲಿ ಫೆಂಡರ್ ಸ್ಟ್ರಾಟೋಕಾಸ್ಟರ್. (ಆ ಗಿಟಾರನ್ನು ಅವನು ಅದೇ ವರ್ಷ ಒಂದು ಸಣ್ಣ ವಿಮಾನದಲ್ಲಿ ಮರೆತು ಬಿಟ್ಟ. 2013ರಲ್ಲಿ ಹರಾಜಾದಾಗ ಸಿಕ್ಕ ಬೆಲೆ 9,65,000 ಡಾಲರ್.) ‘ಮ್ಯಾಗೀಸ್ ಫಾರ್ಮ್’, ‘ಲೈಕ್ ಎ ರೋಲಿಂಗ್ ಸ್ಟೋನ್’, ಆಗಿನ್ನೂ ಬೇರೆ ಹೆಸರಿದ್ದ ಮತ್ತೊಂದು ಹಾಡು. ಕಾಲು ಗಂಟೆ ಕಳೆದಿರಬೇಕು, ‘ಹೋಗೋಣ ಬನ್ನಿ, ಅಷ್ಟೇ’ ಎಂಬಂತೆ ಒಂದು ಮಾತು ಹೇಳಿ ಇಳಿದುಹೋದ.

ಆಗ ಎದ್ದ ಗದ್ದಲ ರೆಕಾರ್ಡಿಂಗ್‌ನಲ್ಲಿದೆ. ಮರ್ರೆ ಲರ್ನರ್ ಅವರು ಆ ವರ್ಷಗಳಲ್ಲಿ ಉತ್ಸವವನ್ನು ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದಾರೆ. ನಾನು ಅದನ್ನು ಹೆಡ್‌ಫೋನ್ ಹಾಕಿಕೊಂಡು ಎಷ್ಟೋ ಸಲ ಕೇಳಿದ್ದೇನೆ. ‘ಬೂ’ ಎಂಬ ಕೂಗು ಇದೆ, ಇಲ್ಲವೆನ್ನುವವರ ಮಾತು ನಂಬಬೇಡಿ. ಚಪ್ಪಾಳೆಯೂ ಇದೆ, ಜೋರಾಗಿಯೇ ಇದೆ. ಆದರೆ ಯಾವ ಕೂಗು ಯಾತಕ್ಕೆ ಎಂದು ಬಿಡಿಸಿ ಹೇಳುವುದು ಯಾರಿಂದಲೂ ಆಗದ ಕೆಲಸ. ಅಲ್ ಕೂಪರ್ ವೇದಿಕೆಯ ಮೇಲೇ ಇದ್ದವರು. ಅವರು ಮೊದಲಿನಿಂದಲೂ ಹೇಳಿಕೊಂಡು ಬಂದದ್ದು, ಇಡೀ ಉತ್ಸವಕ್ಕೆ ದೊಡ್ಡ ಹೆಸರಿನವನು ಮೂರು ಹಾಡು ಹಾಡಿ ಎದ್ದು ಹೋದರೆ ದೂರದಿಂದ ಬಂದವರು ಕೂಗದೆ ಏನು ಮಾಡುತ್ತಾರೆ ಎಂದು. ಇದು ನನಗೂ ಸರಿಯೆನಿಸುತ್ತದೆ, ಪೂರ್ತಿ ಅಲ್ಲದಿದ್ದರೂ.

ಎರಡನೆಯದು ಸೌಂಡ್. ಇದನ್ನು ಬರೆಯುವವರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ದಾಟಿಸಿಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಆ ರಾತ್ರಿಯ ಅರ್ಧ ಗಲಾಟೆ ಇಲ್ಲೇ ಇದೆ. ನ್ಯೂಪೋರ್ಟಿನ ಧ್ವನಿವರ್ಧಕಗಳು ಒಂದು ದನಿ, ಒಂದು ಮರದ ಗಿಟಾರು, ಒಂದು ಪಿಟೀಲನ್ನು ಮೈದಾನದ ಕೊನೆಗೆ ಮುಟ್ಟಿಸಲು ಹೊಂದಿಸಿದವು. ಡ್ರಮ್ಸು, ಆರ್ಗನ್ನು, ಬ್ಲೂಮ್‌ಫೀಲ್ಡನ ಕಿವಿಗಡಚಿಕ್ಕುವ ಗಿಟಾರು ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಹಾಡುವವರಿಗೆ ತಮ್ಮ ದನಿ ತಮಗೆ ಕೇಳಿಸಲೆಂದು ಇಂದು ವೇದಿಕೆಯ ಮೇಲೆ ಇಡುವ ಸ್ಪೀಕರುಗಳೂ ಆಗ ಇರಲಿಲ್ಲ. ಮುಂದಿನ ಸಾಲುಗಳಲ್ಲಿ ಕೂತವರ ಮುಖಕ್ಕೆ ಗಿಟಾರಿನ ಆಂಪ್ಲಿಫೈಯರ್‌ಗಳಿಂದ ನೇರವಾಗಿ ಬಡಿಯುವ ಸದ್ದು. ಹಾಡಿನ ಮಾತು ಬರುತ್ತಿದ್ದದ್ದು ಪಕ್ಕದ ಬೇರೆ ಸ್ಪೀಕರಿನಿಂದ, ಅದು ಇವರ ತಲೆಯ ಮೇಲೆ ಹಾದು ಹಿಂದಿನವರಿಗೆ ಹೋಗುತ್ತಿತ್ತು. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಸ್ಪೀಕರಿನ ಬುಡದಲ್ಲಿ ಜಾಗ ಸಿಕ್ಕವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗಾಗಿ ಅಂದು ಎಲ್ಲಿ ಕೂತಿದ್ದಿರಿ ಎನ್ನುವುದರ ಮೇಲೆ ಏನು ಕೇಳಿಸಿತು ಎನ್ನುವುದು ನಿಂತಿತ್ತು. ಐವತ್ತು ವರ್ಷ ಕಳೆದರೂ ಸಾಕ್ಷಿಗಳ ಮಾತು ಒಂದಕ್ಕೊಂದು ಕೂಡಿ ಬರದಿರುವುದಕ್ಕೆ ಇದೂ ಕಾರಣ. ಮೂರೇ ವಾರದ ನಂತರ, ಆಗಸ್ಟ್ 15ರಂದು, ಬೀಟಲ್ಸ್ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ 55 ಸಾವಿರ ಜನರ ಮುಂದೆ ಬಾರಿಸಿದಾಗ ಕಿರುಚಾಟದ ನಡುವೆ ಅವರಿಗೇ ಅವರ ಹಾಡು ಕೇಳಿಸಿರಲಿಲ್ಲ. ಜನ ಆಗಲೇ ಬಂದು ಸೇರಿದ್ದರು, ಸೌಂಡ್ ಸಿಸ್ಟಂ ಇನ್ನೂ ಬಂದಿರಲಿಲ್ಲ.

ಇನ್ನು ಕೊಡಲಿ. ಪೀಟ್ ಸೀಗರ್ ಕೊಡಲಿ ಎತ್ತಲಿಲ್ಲ. ವೈರ್ ಕಡಿಯಲಿಲ್ಲ. ಆದರೆ ಕೊಡಲಿಯ ಮಾತು ಕಟ್ಟುಕತೆಯಲ್ಲ, ಆಡಿದವರು ಅವರೇ. ಆಮೇಲಿನ ವರ್ಷಗಳಲ್ಲಿ ಅವರು ಬಹಳ ಸಲ ಹೇಳಿಕೊಂಡರು: ಒಂದು ಪದವೂ ಕೇಳಿಸುತ್ತಿರಲಿಲ್ಲ, ಸೌಂಡ್ ನೋಡಿಕೊಳ್ಳುವವರ ಹತ್ತಿರ ಓಡಿಹೋಗಿ ಸರಿಮಾಡಿ ಎಂದೆ, ಅವರಿಗೆ ಹೀಗೇ ಬೇಕಂತೆ ಎಂದು ಉತ್ತರ ಬಂತು, ಸಿಟ್ಟಿಗೆ ‘ನನ್ನ ಕೈಲೊಂದು ಕೊಡಲಿ ಇದ್ದಿದ್ದರೆ ಈ ಕೇಬಲ್ ಕಡಿದುಹಾಕುತ್ತಿದ್ದೆ’ ಅಂದೆ ಎಂದು. ಬಾಯಿಂದ ಬಾಯಿಗೆ ಹೋಗುತ್ತ ‘ಇದ್ದಿದ್ದರೆ’ ಬಿದ್ದುಹೋಯಿತು, ಕೊಡಲಿ ಉಳಿಯಿತು.

ಆ ರಾತ್ರಿ ಸಂದೇಶ ಒಯ್ಯುವ ಪಾಡು ಬಿದ್ದದ್ದು ಜೋ ಬಾಯ್ಡ್ ಎಂಬ 22ರ ಹುಡುಗನಿಗೆ, ವೇದಿಕೆಯ ವ್ಯವಸ್ಥೆ ಅವನದು. ಸೀಗರ್, ಲೋಮ್ಯಾಕ್ಸ್ ಇತರರು ‘ಸೌಂಡ್ ಇಳಿಸಲು ಹೇಳು’ ಎಂದು ಇವನನ್ನು ಅಟ್ಟಿದರು. ಬೇಲಿ ಹಾರಿ ಮಿಕ್ಸಿಂಗ್ ಜಾಗಕ್ಕೆ ಹೋದರೆ ಅಲ್ಲಿ ಗ್ರಾಸ್‌ಮನ್, ಪೀಟರ್–ಪಾಲ್–ಮೇರಿ ತಂಡದ ಪೀಟರ್ ಯಾರೋ, ಸೌಂಡ್ ನೋಡುತ್ತಿದ್ದ ಪಾಲ್ ರಾತ್‌ಚೈಲ್ಡ್. ಈ ಪೀಟರ್ ಸ್ವತಃ ಉತ್ಸವದ ಮಂಡಳಿಯ ಸದಸ್ಯ. ಮಂಡಳಿಯ ಪ್ರತಿನಿಧಿ ಇಲ್ಲೇ ಇದ್ದಾನೆ ಎಂದು ಹೇಳಿ ನಡುಬೆರಳು ತೋರಿಸಿ ಕಳಿಸಿದ. ಬಾಯ್ಡ್ ವಾಪಸ್ಸು ಬರುವಷ್ಟರಲ್ಲಿ ಸೀಗರ್ ಎದ್ದು ಕತ್ತಲಲ್ಲಿ ಹೊರಟುಹೋಗಿದ್ದರು. ಈ ಬಾಯ್ಡ್‌ನನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ.

ಸೀಗರನ್ನು ಸಿಡುಕು ಮುದುಕನಂತೆ ತೋರಿಸುವ ಚಾಳಿ ರಾಕ್ ಬರಹಗಾರರಲ್ಲಿ ಹಳೆಯದು. ನನಗದು ಸರಿಬರುವುದಿಲ್ಲ. ಅವರೇನು ಜನಪ್ರಿಯ ಸಂಗೀತದ ಗಾಳಿ ಸೋಕದವರಲ್ಲ. 1950ರಲ್ಲಿ ಅವರಿದ್ದ ವೀವರ್ಸ್ ತಂಡ, ಜೈಲುಹಕ್ಕಿ ಲೆಡ್ ಬೆಲ್ಲಿಯಿಂದ ಬಂದ ‘ಗುಡ್‌ನೈಟ್ ಐರೀನ್’ ಹಾಡನ್ನು ಗಾರ್ಡನ್ ಜೆಂಕಿನ್ಸರ ಪಿಟೀಲು ಆರ್ಕೆಸ್ಟ್ರಾ ಹಿಮ್ಮೇಳದಲ್ಲಿ ಹಾಡಿ, ಹದಿಮೂರು ವಾರ ಅಮೆರಿಕದಲ್ಲಿ ಒಂದನೇ ಸ್ಥಾನದಲ್ಲಿ ನಿಂತಿತ್ತು. ಆಮೇಲೆ ಕಮ್ಯುನಿಸ್ಟ್ ಬೇಟೆಯ ಕಾಲ. 1955ರಲ್ಲಿ ಸಂಸತ್ತಿನ ಸಮಿತಿ ಎದುರು ಹೆಸರುಗಳನ್ನು ಹೇಳಲು ಒಪ್ಪಲಿಲ್ಲ. 1961ರಲ್ಲಿ ಜೈಲು ಶಿಕ್ಷೆ ಆಯಿತು, ಮರುವರ್ಷ ಮೇಲಿನ ಕೋರ್ಟಿನಲ್ಲಿ ಬಿದ್ದುಹೋಯಿತು. ದೊಡ್ಡ ಟಿವಿ ವಾಹಿನಿಗಳ ಬಾಗಿಲು ಅವರಿಗೆ 1967ರವರೆಗೂ ಮುಚ್ಚಿಯೇ ಇತ್ತು. ಅಷ್ಟೂ ವರ್ಷ ಕಾಲೇಜು, ಶಾಲೆ, ಮಕ್ಕಳ ಶಿಬಿರ ಎಂದು ಬ್ಯಾಂಜೋ ಹೊತ್ತು ಅಲೆದವರು. ಹಾಡಿನ ಮಾತು ಕೇಳಿಸಬೇಕು, ಕೇಳಿದವರು ಜೊತೆಗೆ ಹಾಡಬೇಕು ಎನ್ನುವುದು ಅವರಿಗೆ ರುಚಿಯ ವಿಷಯವಲ್ಲ, ಬದುಕಿನ ಕಸುಬು. ‘ಮ್ಯಾಗೀಸ್ ಫಾರ್ಮ್’ ಒಳ್ಳೆಯ ಹಾಡು, ಅದರ ಒಂದು ಮಾತೂ ಕೇಳಲಿಲ್ಲವಲ್ಲ ಎನ್ನುವುದೇ ಅವರ ದೂರು.

ಆ ಹಾಡಿನ ಬೇರನ್ನು ಅವರು ಬೇರೆ ಯಾರಿಗಿಂತಲೂ ಚೆನ್ನಾಗಿ ಬಲ್ಲವರು. ‘ಮ್ಯಾಗೀಸ್ ಫಾರ್ಮ್’ ಹುಟ್ಟಿದ್ದು ಬೆಂಟ್ಲಿ ಬಾಯ್ಸ್ ಎಂಬವರು 1929ರಲ್ಲಿ ರೆಕಾರ್ಡ್ ಮಾಡಿದ ‘ಡೌನ್ ಆನ್ ಪೆನ್ನೀಸ್ ಫಾರ್ಮ್’ ಎಂಬ ಗೇಣಿದಾರರ ಗೋಳಿನ ಹಾಡಿನಿಂದ. ಸೀಗರ್ ಸ್ವತಃ ಅದನ್ನು ಹಾಡಿ ರೆಕಾರ್ಡ್ ಮಾಡಿದ್ದರು. ಜಾನಪದವನ್ನು ತುಳಿದ ಎಂದು ಹೆಸರಾದ ಆ ಕಾಲು ಗಂಟೆ ಶುರುವಾದದ್ದೇ ಒಕ್ಕಲು ಮಕ್ಕಳ ಹಳೆಯ ಹಾಡಿನ ಮೊಮ್ಮಗಳಿಂದ! ಗಿಟಾರಿನ ವೈರ್ ನೋಡಿದವರಿಗೆ ಹಾಡಿನ ವಂಶ ಕಾಣಲಿಲ್ಲ.

ಹಾಗಾದರೆ ನಿಜವಾದ ಜಗಳ ಯಾವುದು? ನನ್ನ ಪ್ರಕಾರ ಅದು ಕರೆಂಟಿಗಿಂತ ಹಳೆಯದು. ರುಜುವಾತು ಬೇಕೆಂದರೆ ಒಂದು ವರ್ಷ ಹಿಂದಕ್ಕೆ, 1964ರ ನ್ಯೂಪೋರ್ಟಿಗೆ ಹೋಗಬೇಕು. ಆಗ ಡಿಲನ್ ಕೈಯಲ್ಲಿ ಮರದ ಗಿಟಾರೇ ಇತ್ತು, ಒಬ್ಬನೇ ನಿಂತು ಹಾಡಿದ. ಆದರೂ ಆ ನವೆಂಬರಿನಲ್ಲಿ ‘ಸಿಂಗ್ ಔಟ್’ ಎಂಬ ಜಾನಪದ ಪತ್ರಿಕೆಯ ಸಂಪಾದಕ ಇರ್ವಿನ್ ಸಿಲ್ಬರ್ ಅವನಿಗೆ ಬಹಿರಂಗ ಪತ್ರ ಬರೆದರು. ನಿನ್ನ ಹೊಸ ಹಾಡುಗಳು ಒಳಮುಖವಾಗಿವೆ, ಜನರಿಂದ ದೂರವಾಗುತ್ತಿದ್ದೀಯ ಎಂಬುದು ಅದರ ಸಾರ. ಗಮನಿಸಿ, ಪತ್ರದ ಚಿಂತೆ ವಾದ್ಯದ್ದಲ್ಲ. ‘ನಾವು’ ಎಂದು ಹಾಡುತ್ತಿದ್ದವನು ‘ನಾನು’ ಎನ್ನತೊಡಗಿದ್ದ. ‘ಬ್ಲೋಯಿಂಗ್ ಇನ್ ದ ವಿಂಡ್’ ಹಾಡನ್ನು ಸಾವಿರ ಜನ ಒಟ್ಟಿಗೆ ಹಾಡಬಹುದು, ಅದರ ಮಟ್ಟು ಬಂದದ್ದೂ ಗುಲಾಮಗಿರಿಯ ಕಾಲದ ‘ನೋ ಮೋರ್ ಆಕ್ಷನ್ ಬ್ಲಾಕ್’ ಎಂಬ ಹಾಡಿನಿಂದ. ‘ಲೈಕ್ ಎ ರೋಲಿಂಗ್ ಸ್ಟೋನ್’ ಅನ್ನು ಸಾವಿರ ಜನ ಒಟ್ಟಿಗೆ ಕಿರುಚಬಹುದು, ಆದರೆ ಅದು ಒಬ್ಬನು ಒಬ್ಬಳ ಮೇಲೆ ತೀರಿಸಿಕೊಳ್ಳುವ ಸಿಟ್ಟು. ಅದನ್ನು ಹಾಡುತ್ತ ಮೆರವಣಿಗೆ ಹೋಗಲಾಗದು.

ಕಾಲವೂ ಹಾಗಿತ್ತು. ನ್ಯೂಪೋರ್ಟ್ ಮುಗಿದು ಮೂರು ದಿನಕ್ಕೆ, ಜುಲೈ 28ರಂದು, ಅಧ್ಯಕ್ಷ ಜಾನ್ಸನ್ ವಿಯೆಟ್ನಾಂನಲ್ಲಿರುವ ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸುವುದಾಗಿ ಹೇಳಿದರು. ಕಪ್ಪು ಜನರ ಮತದ ಹಕ್ಕನ್ನು ಕಾಯುವ ಕಾಯ್ದೆಗೆ ಸಹಿ ಬಿದ್ದದ್ದು ಆಗಸ್ಟ್ 6ಕ್ಕೆ. ಅಂಥ ಹೊತ್ತಲ್ಲಿ ನಮ್ಮ ಕವಿ ಎದ್ದು, ಇನ್ನು ಮ್ಯಾಗಿಯ ತೋಟದಲ್ಲಿ ದುಡಿಯುವುದಿಲ್ಲ ಎಂದು ಕಿವಿ ಕಿವುಡಾಗುವಂತೆ ಹಾಡಿದರೆ, ಆ ತೋಟ ನಮ್ಮದೇ ಇರಬೇಕು ಎಂದು ಹಿರಿಯರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಡಿಲನ್ ಸರಿ ಎನ್ನುತ್ತೇನೆ. 24 ವರ್ಷದ ಹುಡುಗನೊಬ್ಬ ಇಡೀ ಚಳವಳಿಯ ಬಾಯಿಯಾಗಿ ಬದುಕಬೇಕು ಎನ್ನುವುದು ಅನ್ಯಾಯವೇ.

ಮುಂದಿನ ಒಂಬತ್ತು ತಿಂಗಳಲ್ಲಿ ಕೂಗುವುದೇ ಒಂದು ರೂಢಿಯಾಯಿತು. ಆಗಸ್ಟ್ 28ರಂದು ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನಲ್ಲಿ ಡಿಲನ್ ಮೊದಲರ್ಧ ಒಬ್ಬನೇ ಹಾಡಿದ, ಎರಡನೆಯ ಅರ್ಧ ಬ್ಯಾಂಡ್ ಜೊತೆ. ಮೊದಲರ್ಧ ಚಪ್ಪಾಳೆ, ಎರಡನೆಯ ಅರ್ಧ ಕೂಗು. ನ್ಯೂಪೋರ್ಟಿನ ಸುದ್ದಿ ಓದಿಕೊಂಡೇ ಜನ ಬಂದಿದ್ದರು. ರಾತ್ರಿ ರಾತ್ರಿಯೂ ಬೈಸಿಕೊಳ್ಳುವುದು ಬೇಸರವಾಗಿ ಡಿಲನ್‌ನ ಹೊಸ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಲೆವನ್ ಹೆಲ್ಮ್ ಅದೇ ವರ್ಷದ ಕೊನೆಗೆ ಬಿಟ್ಟುಹೋದ. ಬ್ರಿಟನ್ನಿನಲ್ಲಿ ಇನ್ನೂ ಬಿಗಿ. ಅಲ್ಲಿನ ಜಾನಪದ ಕ್ಲಬ್ಬುಗಳಲ್ಲಿ ಈವನ್ ಮೆಕಾಲ್ ಅವರ ಕ್ಲಬ್ಬಿನಂಥವು, ಹಾಡುವವರು ತಮ್ಮ ತಮ್ಮ ನಾಡಿನ ಪರಂಪರೆಯ ಹಾಡನ್ನೇ ಹಾಡಬೇಕೆಂಬ ಕಟ್ಟಳೆ ಮಾಡಿಕೊಂಡಿದ್ದವು. ಮ್ಯಾಂಚೆಸ್ಟರಿನ ಆ ಒಂದು ಪದ ಬಂದದ್ದು ಇಂಥ ಹವೆಯಲ್ಲಿ, ಕೊನೆಯ ಹಾಡಿಗೆ ಮೊದಲು ಸಿಕ್ಕ ನಿಶ್ಶಬ್ದದಲ್ಲಿ. ಡಿಲನ್ ‘ನಿನ್ನನ್ನು ನಂಬುವುದಿಲ್ಲ, ನೀನು ಸುಳ್ಳುಗಾರ’ ಎಂದು ಹೇಳಿ, ಬ್ಯಾಂಡ್ ಕಡೆ ತಿರುಗಿ ಇನ್ನೂ ಜೋರಾಗಿ ಬಾರಿಸಿ ಎಂದ, ನಡುವೆ ಒಂದು ಬೈಗುಳ ಸೇರಿಸಿ. ಆ ಟೇಪು ಕದ್ದುಮುಚ್ಚಿ ದಶಕಗಟ್ಟಲೆ ಕೈಬದಲಾಯಿತು, ಅದೂ ‘ರಾಯಲ್ ಆಲ್ಬರ್ಟ್ ಹಾಲ್’ ಎಂಬ ತಪ್ಪು ಹೆಸರಲ್ಲಿ. ಅಧಿಕೃತವಾಗಿ ಬಂದದ್ದು 1998ರಲ್ಲಿ.

ನ್ಯೂಪೋರ್ಟ್ ಗೊಂದಲ, ಮ್ಯಾಂಚೆಸ್ಟರ್ ತೀರ್ಪು. ಮೊದಲು ಹೇಳಿದ ಎರಡು ಜಗಳ ಇವೇ.

ಎರಡು ತಿಂಗಳಲ್ಲಿ, 1966ರ ಜುಲೈ ಕೊನೆಗೆ, ವುಡ್‌ಸ್ಟಾಕ್ ಹತ್ತಿರ ಮೋಟರ್‌ಸೈಕಲ್ ಅಪಘಾತವಾಗಿ ಡಿಲನ್ ಊರೂರು ತಿರುಗುವುದನ್ನೇ ನಿಲ್ಲಿಸಿದ. ಮರುವರ್ಷ ಅದೇ ಬ್ಯಾಂಡಿನ ಹುಡುಗರ ಜೊತೆ ಒಂದು ಮನೆಯ ನೆಲಮಾಳಿಗೆಯಲ್ಲಿ ಕೂತು ಹಳೆಯ ಜಾನಪದ ಹಾಡುಗಳನ್ನು ರಾಶಿ ರಾಶಿ ಹಾಡಿದ. ಬಿಟ್ಟುಹೋದ ಎಂದು ಜನ ಕೂಗಿದ್ದರಲ್ಲ, ಆ ಹಾಡುಗಳನ್ನೇ. ಆಗ ನಮ್ಮ ದೇಶದವರೂ ಅಲ್ಲಿದ್ದರು: ಬಂಗಾಳದ ಬಾವುಲ್ ಗಾಯಕರಾದ ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್. ಗ್ರಾಸ್‌ಮನ್‌ನ ಅತಿಥಿಗಳಾಗಿ ಬಂದಿದ್ದವರು, 1967ರ ಡಿಸೆಂಬರಿನ ‘ಜಾನ್ ವೆಸ್ಲಿ ಹಾರ್ಡಿಂಗ್’ ಆಲ್ಬಂನ ಮುಖಪುಟದಲ್ಲಿ ಡಿಲನ್‌ನ ಎರಡು ಬದಿಗೆ ನಿಂತಿದ್ದಾರೆ. ಮಗನಿಗೆ ತೋರಿಸಿ. ಏಕತಾರಿಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ ಆ ಫೋಟೋದಲ್ಲಿ ಡಿಲನ್ ನಗುತ್ತಿದ್ದಾನೆ, ಅದೇ ಅಪರೂಪ.

ಜೋ ಬಾಯ್ಡ್ ಮತ್ತೆ ಬರುತ್ತಾನೆ ಎಂದೆನಲ್ಲ. ಅವನು ಲಂಡನ್ನಿಗೆ ಹೋಗಿ ಫೇರ್‌ಪೋರ್ಟ್ ಕನ್ವೆನ್ಷನ್ ಎಂಬ ತಂಡದ ನಿರ್ಮಾಪಕನಾದ. 1969ರ ಮೇ 12ರಂದು ಹೆದ್ದಾರಿಯಲ್ಲಿ ತಂಡದ ವ್ಯಾನ್ ಉರುಳಿ, ಹತ್ತೊಂಬತ್ತರ ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ಸೇರಿ ಇಬ್ಬರು ತೀರಿಕೊಂಡರು. ಉಳಿದವರಿಗೆ ಹಳೆಯ ಹಾಡುಗಳನ್ನು ಮತ್ತೆ ಬಾರಿಸುವ ಮನಸ್ಸಾಗಲಿಲ್ಲ. ಹ್ಯಾಂಪ್‌ಶೈರ್‌ನ ಹಳ್ಳಿಮನೆಯೊಂದರಲ್ಲಿ ಸೇರಿ, ಶತಮಾನಗಳಷ್ಟು ಹಿಂದಿನ ಇಂಗ್ಲಿಷ್–ಸ್ಕಾಟಿಷ್ ಲಾವಣಿಗಳಿಗೆ ಎಲೆಕ್ಟ್ರಿಕ್ ಗಿಟಾರು, ಡ್ರಮ್ಸು, ಡೇವ್ ಸ್ವಾರ್‌ಬ್ರಿಕ್‌ನ ಪಿಟೀಲು ಕೂಡಿಸಿದರು. ಅದೇ ವರ್ಷ ಬಂದ ‘ಲೀಜ್ ಆ್ಯಂಡ್ ಲೀಫ್’ನಲ್ಲಿ ಸ್ಯಾಂಡಿ ಡೆನ್ನಿ ‘ಟ್ಯಾಮ್ ಲಿನ್’ ಕಥೆ ಹೇಳುತ್ತ ಹೋದರೆ ಒಂದು ಮಾತೂ ತಪ್ಪಿ ಹೋಗುವುದಿಲ್ಲ. ಸೀಗರ್ ಕೇಳಿದ್ದೂ ಅಷ್ಟೇ ತಾನೆ!

ಅಶ್ವತ್ಥರ ಮಾತಿಗೆ ಬರುತ್ತೇನೆ. ಷರೀಫರ ಪದಕ್ಕೆ ಎಷ್ಟೇ ವಾದ್ಯ ಕೂಡಿಸಿದರೂ ಅಶ್ವತ್ಥ್ ಮಾತನ್ನು ಮೇಲೆ ಹೊತ್ತುಕೊಂಡೇ ಹಾಡಿದರು. ರಘು ದೀಕ್ಷಿತ್ ಅದೇ ಷರೀಫರನ್ನು ಡ್ರಮ್ಸು, ಗಿಟಾರಿನ ಜೊತೆ ಹಾಡಿ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯವರೆಗೂ ಒಯ್ದರು. ನಮ್ಮಲ್ಲಿ ಕೂಗೇಳದಿದ್ದುದಕ್ಕೆ ಇನ್ನೊಂದು ಕಾರಣವೂ ಇದೆ: ತಂಬೂರಿಯನ್ನು ಯಾರೂ ಒಂದು ಪಕ್ಷದ ಬಾವುಟ ಮಾಡಿರಲಿಲ್ಲ. ಅಲ್ಲಿ ಮರದ ಗಿಟಾರು ಬಾವುಟವೇ ಆಗಿತ್ತು. ವುಡಿ ಗತ್ರಿ ತಮ್ಮ ಗಿಟಾರಿನ ಮೇಲೆ ಈ ಯಂತ್ರ ಫ್ಯಾಸಿಸ್ಟರನ್ನು ಕೊಲ್ಲುತ್ತದೆ ಎಂದು ಬರೆದುಕೊಂಡಿದ್ದರು. ಸರಿಯಾದ ಹೋಲಿಕೆ ಬೇಕಿದ್ದರೆ ಷರೀಫರನ್ನು ಬಿಡಿ. ನಮ್ಮ ದಲಿತ ಚಳವಳಿಯ ಹಾಡೊಂದರಿಂದ ತಮಟೆಯನ್ನು ತೆಗೆದು, ಚಳವಳಿ ಕಾವಿನಲ್ಲಿದ್ದಾಗಲೇ, ಅದೇ ಸಭೆಯಲ್ಲಿ, ಅದೇ ಗಾಯಕ ಸಿನಿಮಾ ಆರ್ಕೆಸ್ಟ್ರಾ ತಂದು ತನ್ನ ಪ್ರೇಮಭಂಗದ ಹಾಡು ಹಾಡಿದ್ದರೆ ಏನಾಗುತ್ತಿತ್ತು, ಯೋಚಿಸಿ ನೋಡಿ.

ಎಲ್ಲಿಂದ ಕೇಳಲಿ ಎಂದಿರಿ. ಮೊದಲು ಬೆಂಟ್ಲಿ ಬಾಯ್ಸ್ ಅವರ ಹಳೆಯ ಹಾಡು, ಮೂರು ನಿಮಿಷ. ತಕ್ಷಣ ನ್ಯೂಪೋರ್ಟಿನ ‘ಮ್ಯಾಗೀಸ್ ಫಾರ್ಮ್’, ವಾಲ್ಯೂಮ್ ಸ್ವಲ್ಪ ಹೆಚ್ಚೇ ಇರಲಿ. ಆಮೇಲೆ ‘ಲೀಜ್ ಆ್ಯಂಡ್ ಲೀಫ್’. ಮ್ಯಾಂಚೆಸ್ಟರನ್ನು ಕೊನೆಗಿಡಿ.

ನ್ಯೂಪೋರ್ಟಿನ ರೆಕಾರ್ಡಿಂಗನ್ನು ಮಾತ್ರ ಮೂರು ಹಾಡಿಗೆ ನಿಲ್ಲಿಸಬೇಡಿ. ಡಿಲನ್ ಇಳಿದುಹೋದ ಮೇಲೆ ಪೀಟರ್ ಯಾರೋ ಮೈಕ್ ಹಿಡಿದು, ಬರುತ್ತಾನೆ, ಮರದ ಗಿಟಾರು ತರಲು ಹೋಗಿದ್ದಾನೆ ಎಂದು ಜನರನ್ನು ಸಮಾಧಾನ ಮಾಡುತ್ತಾನೆ. ಡಿಲನ್ ಎರವಲು ಗಿಟಾರು ಹಿಡಿದು ಒಬ್ಬನೇ ಬರುತ್ತಾನೆ. ಒಂದು ಹಾಡು ಮುಗಿಸಿ ‘ಟ್ಯಾಂಬರೀನ್ ಮ್ಯಾನ್’ ಶುರು ಮಾಡಬೇಕು, ಅದರ ಶ್ರುತಿಯ ಮೌತ್ ಆರ್ಗನ್ ಅವನ ಹತ್ತಿರ ಇಲ್ಲ. ಯಾರ ಹತ್ತಿರವಾದರೂ ‘ಇ’ ಮೌತ್ ಆರ್ಗನ್ ಇದೆಯೇ, ಎಸೆಯಿರಿ ಎಂದು ಜನರನ್ನೇ ಕೇಳುತ್ತಾನೆ. ಐದು ನಿಮಿಷದ ಹಿಂದೆ ಬೂ ಎಂದಿದ್ದ ಅದೇ ಕತ್ತಲೊಳಗಿಂದ ಮೌತ್ ಆರ್ಗನ್‌ಗಳು ಹಾರಿಬಂದು ವೇದಿಕೆಯ ಹಲಗೆಯ ಮೇಲೆ ಟಕಟಕನೆ ಬೀಳುತ್ತವೆ.